ಅಚ್ಚಿಗೆ ಮೇಣ ಸವರಿದರೆ ರೆಸಿನ್ ಅಂಟುವುದಿಲ್ಲವೇ?

ಇಡ್ಲಿ ತಟ್ಟೆಗೆ ಎಣ್ಣೆ ಸವರಿದರೆ ಇಡ್ಲಿ ಸಲೀಸಾಗಿ ಬಿಡುತ್ತದೆ. ಕಾರ್ಬನ್ ಫೈಬರ್ ಭಾಗಗಳ ಅಚ್ಚಿಗೂ ಎಣ್ಣೆಯೋ ಮೇಣವೋ ಸಾಕು ಎಂದುಕೊಳ್ಳುವವರಿದ್ದಾರೆ. ಇದು ಅರ್ಧ ಸತ್ಯ.

ತೇಜಸ್ ಯುದ್ಧವಿಮಾನದ ರೆಕ್ಕೆಯಂಥ ಭಾಗಗಳಲ್ಲಿ ಕಾರ್ಬನ್ ಎಳೆಗಳನ್ನು ಹಿಡಿದಿಡುವುದು ರೆಸಿನ್. ವಿಮಾನಗಳಿಗೆ ಹೆಚ್ಚಾಗಿ ಬಳಸುವ ಎಪಾಕ್ಸಿ ರೆಸಿನ್ ಸ್ವತಃ ಬಲವಾದ ಅಂಟು. ಅದನ್ನು ಸುಮಾರು 180 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಒತ್ತಡ ಹಾಕಿ ಗಟ್ಟಿಗೊಳಿಸುತ್ತಾರೆ. ಬಿಸಿ ಮಾಡದ ಕೆಲಸಕ್ಕೆ ಒಗ್ಗುವ ಕಾರ್ನೌಬಾ ಮೇಣ 85 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಮೇಣ ಸರಿದ ಜಾಗದಲ್ಲಿ ರೆಸಿನ್ ಅಚ್ಚನ್ನೇ ಕಚ್ಚುತ್ತದೆ. ಕಿತ್ತು ತೆಗೆಯಲು ಹೋದರೆ ಭಾಗವೂ ಹಾಳು, ಅಚ್ಚೂ ಹಾಳು. ಭಾಗಕ್ಕೆ ಮೆತ್ತಿದ ಮೇಣದ ಮೇಲೆ ಬಣ್ಣವೂ ನಿಲ್ಲದು.

ಹಾಗಾದರೆ ದಾರಿ? ಪಳಗಿದ ದೋಸೆ ಕಾವಲಿಯನ್ನು ನೆನೆಯಿರಿ. ಅಲ್ಲಿ ಎಣ್ಣೆ ಕಾದು ಗಟ್ಟಿ ಪದರವಾಗಿರುತ್ತದೆ. ಅದೇ ರೀತಿ, ಶುಚಿ ಮಾಡಿದ ಅಚ್ಚಿಗೆ ತೆಳುವಾಗಿ ಹಲವು ಬಾರಿ ಹಚ್ಚುವ ವಿಶೇಷ ರಿಲೀಸ್ ಏಜೆಂಟ್ ಅಚ್ಚಿನ ಮೇಲೆಯೇ ಗಟ್ಟಿಯಾಗಿ ಕೂರುತ್ತದೆ. ಒಮ್ಮೆ ಹಚ್ಚಿದರೆ ಹಲವು ಭಾಗಗಳನ್ನು ತೆಗೆಯಬಹುದು. ಸಮತಟ್ಟಾದ ಕಡೆ ಟೆಫ್ಲಾನ್ ಹಾಳೆಯೂ ನಡೆಯುತ್ತದೆ. ಅದು ಕರಗುವುದು 327 ಡಿಗ್ರಿಯಲ್ಲಿ.

‘ಮೇಣ ಸಾಕು’ ಎನ್ನುವ ವಿಡಿಯೊ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಎಷ್ಟು ಡಿಗ್ರಿಗೆ?