ಮಗುವಿನ ಹೆಸರಿಗೆ ‘ಸರಿಯಾದ’ ಇಂಗ್ಲಿಷ್ ಸ್ಪೆಲ್ಲಿಂಗ್ ಇದೆಯೇ? ಫಾರ್ವರ್ಡ್‌ಗಳು ಹೇಳದ ಸಂಗತಿ

“ಮಗುವಿನ ಹೆಸರಿಗೆ ಒಂದು ‘ಎ’ ಹೆಚ್ಚಿಗೆ ಸೇರಿಸಿ, ಅದೃಷ್ಟ ತಾನಾಗಿಯೇ ಬರುತ್ತದೆ.” “ಲಕ್ಷ್ಮಿ ಅಂತ ಬರೆಯುವಾಗ ‘ಎಕ್ಸ್’ ಹಾಕಿದರೆ ದೇವಿಗೆ ಅಪಚಾರ.” “ಸ್ಪೆಲ್ಲಿಂಗ್ ತಪ್ಪಾದರೆ ಚಿಂತೆ ಬೇಡ, ಆಧಾರ್‌ನಲ್ಲಿ ಎಷ್ಟು ಸಲ ಬೇಕಾದರೂ ತಿದ್ದಿಸಬಹುದು.” ಇಂಥ ಮೆಸೇಜ್‌ಗಳು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ತೊಟ್ಟಿಲು ಕಾರ್ಯಕ್ರಮದ ಫೋಟೊಗಳ ಜೊತೆಗೇ ಓಡಾಡುತ್ತವೆ. ನಮಗೂ ಬಂದಿವೆ. ಅವುಗಳ ಬೆನ್ನಿಗೆ ಬರುವ ಪ್ರಶ್ನೆ ಒಂದೇ: “ಹೆಸರು ಇಟ್ಟೀವ್ರಿ, ಇಂಗ್ಲಿಷ್‌ದಾಗ ಹ್ಯಾಂಗ ಬರೀಬೇಕು?”

ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳುವ ಹೆಸರಿಗೆ ಸ್ಪೆಲ್ಲಿಂಗ್ ಇರುವುದಿಲ್ಲ. ಅದು ಬೇಕಾಗುವುದು ಜನನ ಪ್ರಮಾಣಪತ್ರ ಮಾಡಿಸುವಾಗ. ಆಗ ಅವಸರದಲ್ಲಿ ಯಾರೋ ಹೇಳಿದ್ದು, ಯಾರೋ ಟೈಪ್ ಮಾಡಿದ್ದು ಮಗುವಿನ ಜೊತೆ ಜೀವನಪೂರ್ತಿ ಉಳಿಯುತ್ತದೆ.

ಮೊದಲು ಅದೃಷ್ಟದ ಮಾತು ನೋಡೋಣ. ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಸಂಖ್ಯಾಶಾಸ್ತ್ರವನ್ನು ‘ಕಾಲ್ಡಿಯನ್’ ಪದ್ಧತಿ ಎನ್ನುತ್ತಾರೆ. ಹೆಸರು ಬ್ಯಾಬಿಲೋನಿನ ಕಾಲದ್ದು. ಆದರೆ ಇದನ್ನು ಜನಪ್ರಿಯಗೊಳಿಸಿದವನು 1866ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ, ‘ಕೀರೋ’ ಎಂಬ ಹೆಸರಿನಿಂದ ಪ್ರಸಿದ್ಧನಾದ ಹಸ್ತಸಾಮುದ್ರಿಕ. ಕಾಲ್ಡಿಯನ್ನರಿಗೆ ಇಂಗ್ಲಿಷ್ ಅಕ್ಷರಮಾಲೆಯೇ ಗೊತ್ತಿರಲಿಲ್ಲ ಎಂಬುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಇನ್ನೊಂದು ಪದ್ಧತಿ ಪೈಥಾಗರಸ್ ಹೆಸರಿನದು. ನಮ್ಮ ಭಾಗದ್ದೇ ಹೆಸರು ‘ಬಸವ’ ತೆಗೆದುಕೊಳ್ಳಿ. ಬಿ-ಎ-ಎಸ್-ಎ-ವಿ-ಎ ಎಂದು ಬರೆದರೆ ಕಾಲ್ಡಿಯನ್ ಲೆಕ್ಕದಲ್ಲಿ ಮೊತ್ತ 14, ಕೂಡಿದರೆ 5. ಅದೇ ಸ್ಪೆಲ್ಲಿಂಗ್ ಪೈಥಾಗರಸ್ ಲೆಕ್ಕದಲ್ಲಿ 10, ಕೂಡಿದರೆ 1. ಒಂದೇ ಮಗು, ಒಂದೇ ಹೆಸರು, ಎರಡು ಅದೃಷ್ಟ. ಕನ್ನಡದಲ್ಲಿ ಬರೆದ ‘ಬಸವ’ಕ್ಕೆ ಈ ಎರಡೂ ಪದ್ಧತಿಗಳಲ್ಲಿ ಸಂಖ್ಯೆಯೇ ಇಲ್ಲ.

ದೊಡ್ಡವರ ಉದಾಹರಣೆ ಕೊಟ್ಟು ನಂಬಿಸುವವರೂ ಇದ್ದಾರೆ. ಬಿ.ಎಸ್. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗನ್ನು ಎರಡು ‘ಡಿ’ ಬರುವಂತೆ ಬದಲಿಸಿಕೊಂಡರು, 2019ರಲ್ಲಿ ಹಳೆಯ ಸ್ಪೆಲ್ಲಿಂಗಿಗೆ ಮರಳಿದರು. ಎರಡೂ ಸ್ಪೆಲ್ಲಿಂಗಿನಲ್ಲಿ ಮುಖ್ಯಮಂತ್ರಿಯಾದರು, ಯಾವುದರಲ್ಲೂ ಐದು ವರ್ಷ ಪೂರೈಸಲಿಲ್ಲ. ಕನ್ನಡದಲ್ಲಿ ಮಾತ್ರ ಉದ್ದಕ್ಕೂ ಯಡಿಯೂರಪ್ಪ ಎಂದೇ ಇದ್ದರು.

ಹಾಗಾದರೆ ಸರಿ ಯಾವುದು?

ಕನ್ನಡದ ಹೆಸರಿಗೆ ಇಂಗ್ಲಿಷ್‌ನಲ್ಲಿ ‘ಸರಿ’ ಎಂಬುದೊಂದು ಇಲ್ಲ. ನಮ್ಮ ಅಕ್ಷರಗಳು ಹೆಚ್ಚು, ಅವರವು ಇಪ್ಪತ್ತಾರೇ. ‘ಣ’ಕ್ಕೆ, ‘ಳ’ಕ್ಕೆ ಬೇರೆ ಅಕ್ಷರವಿಲ್ಲ. ‘ತ’ ಮತ್ತು ‘ಟ’ ಎರಡಕ್ಕೂ ಒಂದೇ ‘ಟಿ’. ವಿದ್ವಾಂಸರು ಅಕ್ಷರದ ಕೆಳಗೆ ಚುಕ್ಕೆ, ಮೇಲೆ ಗೆರೆ ಹಾಕಿ ವ್ಯತ್ಯಾಸ ತೋರಿಸುತ್ತಾರೆ. ಆ ಚುಕ್ಕೆ ಗೆರೆಗಳಿಗೆ ಪಾಸ್‌ಪೋರ್ಟ್‌ನಲ್ಲಿ ಜಾಗವಿಲ್ಲ. ಹೀಗಾಗಿ ಬಳಕೆಯೇ ನಿಯಮ, ಬಳಕೆಯೋ ಊರಿಗೊಂದು. ಮೈಸೂರು ಕಡೆ ‘ತ’ ಬರೆಯಲು ‘ಟಿ’ ಜೊತೆ ‘ಎಚ್’ ಸೇರಿಸುತ್ತಾರೆ. ಮರಾಠಿ, ಹಿಂದಿ ರೂಢಿಯಲ್ಲಿ ಬರೀ ‘ಟಿ’ ಸಾಕು, ‘ಟಿ-ಎಚ್’ ಅಂದರೆ ‘ಥ’. ಆಳಂದ, ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವುದರಿಂದ ಒಂದೇ ಓಣಿಯಲ್ಲಿ ಎರಡು ಬಗೆಯ ಸಾವಿತ್ರಿಯರು ಸಿಗುತ್ತಾರೆ. ಇಬ್ಬರೂ ತಪ್ಪು ಬರೆದಿಲ್ಲ. ಎಕ್ಸ್ ಹಾಕಿದ ಲಕ್ಷ್ಮಿಯೂ ಅಷ್ಟೇ. ಅದು ಮುಂಬೈ ಕಡೆಯ ರೂಢಿ, ಅಪಚಾರವಲ್ಲ.

ಕೊನೆಯ ‘ಅ’ ಕೂಡ ಹಾಗೆಯೇ. ನಾವು ಮಲ್ಲಿಕಾರ್ಜುನ ಎನ್ನುತ್ತೇವೆ. ಆದರೆ ಖರ್ಗೆಯವರ ಹೆಸರು ಇಂಗ್ಲಿಷ್‌ನಲ್ಲಿ ಕೊನೆಯ ‘ಎ’ ಇಲ್ಲದೆ ‘ಮಲ್ಲಿಕಾರ್ಜುನ್’ ಆಗುತ್ತದೆ. ಜೇವರ್ಗಿಯಿಂದ ಆಯ್ಕೆಯಾಗಿ 2004ರಲ್ಲಿ ಮುಖ್ಯಮಂತ್ರಿಯಾದವರು ಕನ್ನಡ ಪತ್ರಿಕೆಗಳಲ್ಲಿ ಧರ್ಮಸಿಂಗ್, ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಧರಮ್’ ಸಿಂಗ್. ಉರ್ದುವಿನಿಂದ ಬಂದ ಹೆಸರುಗಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಕಲಬುರಗಿಯ ಬಂದೇನವಾಜರ ‘ಖಾಜಾ’ ಪದಕ್ಕೆ ಉರ್ದುವಿನಲ್ಲಿ ಉಚ್ಚರಿಸದ ಒಂದು ‘ವಾವ್’ ಅಕ್ಷರವಿದೆ. ಅದನ್ನು ನೋಡಿಕೊಂಡು ಬರೆದವರು ‘ಖ್ವಾಜಾ’ ಆಗುತ್ತಾರೆ, ಕಿವಿಗೆ ಕೇಳಿದಂತೆ ಬರೆದವರು ‘ಖಾಜಾ’. ಅಣ್ಣ ಒಂದು ಬಗೆ, ತಮ್ಮ ಒಂದು ಬಗೆ ಇರುವ ಮನೆಗಳೂ ಇವೆ.

ಊರಿನ ಹೆಸರೇ ನೆಟ್ಟಗಿಲ್ಲ ಎನ್ನಿ. ಜೇವರ್ಗಿಯನ್ನು ಒಂದು ಬೋರ್ಡಿನಲ್ಲಿ ‘ವಿ’ ಹಾಕಿ ಬರೆದರೆ ಇನ್ನೊಂದರಲ್ಲಿ ‘ಡಬ್ಲ್ಯು’. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು, ವಿಶ್ವವಿದ್ಯಾಲಯ ಮಾತ್ರ ಇನ್ನೂ ಗುಲಬರ್ಗಾ.

ಐರ್ಲೆಂಡಿನಲ್ಲೂ ಇದೇ ಜಗಳ ಇದೆ. ಅಲ್ಲಿ ‘ಶಿವಾನ್’ ಎಂದು ಕರೆಯುವ ಹುಡುಗಿಯ ಹೆಸರನ್ನು ಹಳೆಯ ಐರಿಷ್ ರೀತಿಯಲ್ಲಿ ಎಸ್-ಐ-ಒ-ಬಿ-ಎಚ್-ಎ-ಎನ್ ಎಂದು ಬರೆಯುತ್ತಾರೆ, ‘ಎ’ ಮೇಲೊಂದು ಓರೆಗೆರೆ ಬೇರೆ. ಹೊರಗಿನವರು ಓದಲಾರರು ಎಂದು ಕೆಲವರು ಇಂಗ್ಲಿಷ್ ಕಿವಿಗೆ ಒಗ್ಗುವಂತೆ ಬದಲಿಸುತ್ತಾರೆ. ಅವರಿಗೆ ಇರುವುದು ಒಂದೇ ಲಿಪಿ. ಹಾಗಾಗಿ ಇಂಗ್ಲಿಷ್ ಸ್ಪೆಲ್ಲಿಂಗ್ ಆರಿಸಿಕೊಂಡರೆ ಮೂಲ ರೂಪ ಕೈಬಿಟ್ಟಂತೆಯೇ. ನಮಗೆ ಎರಡು ಲಿಪಿ ಇವೆ. ಇಂಗ್ಲಿಷ್‌ನಲ್ಲಿ ಏನಾದರೂ ಇರಲಿ, ಕನ್ನಡದಲ್ಲಿ ಹೆಸರು ಕ್ಷೇಮ ಎಂದು ನಾವೂ ಅಂದುಕೊಂಡಿದ್ದೆವು.

ಶರಣಪ್ಪ ‘ಶರನಪ್ಪ’ ಆಗುವುದು ಹೀಗೆ

ಆ ಕ್ಷೇಮ ಈಗ ಉಳಿದಿಲ್ಲ. ಆಧಾರ್ ನೋಂದಣಿಯಲ್ಲಿ ಆಪರೇಟರ್ ಇಂಗ್ಲಿಷ್‌ನಲ್ಲಿ ಹೆಸರು ಟೈಪ್ ಮಾಡುತ್ತಾರೆ, ಸಾಫ್ಟ್‌ವೇರ್ ಅದನ್ನು ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿನ ‘ಎನ್’ ನೋಡಿ ಅದು ‘ನ’ ಅಂದುಕೊಂಡರೆ ಶರಣಪ್ಪ ‘ಶರನಪ್ಪ’ನಾಗುತ್ತಾನೆ. ‘ಎಲ್’ ನೋಡಿ ‘ಲ’ ಅಂದುಕೊಂಡರೆ ಪ್ರಮೀಳಾ ‘ಪ್ರಮಿಲಾ’. ಶರಣಬಸವೇಶ್ವರರ ಜಾತ್ರೆಗೆ ಹೋಗಿ ಬಂದು ಮಗನಿಗೆ ಆ ಹೆಸರಿಟ್ಟವರ ಮನೆಯಲ್ಲಿ ‘ಶರನ’ ಎಂದು ಅಚ್ಚಾದ ಕಾರ್ಡ್ ಇರುವುದು ನಮಗೆ ಸಣ್ಣ ಸಂಗತಿ ಅನಿಸುವುದಿಲ್ಲ. ಮೂಲ ಕನ್ನಡ, ನಕಲು ಇಂಗ್ಲಿಷ್ ಆಗಬೇಕಿತ್ತು. ಈಗ ನಕಲಿನಿಂದ ಮೂಲವನ್ನು ತಯಾರಿಸುತ್ತಿದ್ದೇವೆ.

ಇದರ ಪೆಟ್ಟು ಹಣದ ವಿಷಯದಲ್ಲೂ ಬೀಳುತ್ತದೆ. ಪಹಣಿಯಲ್ಲಿ ಹೆಸರು ಕನ್ನಡದಲ್ಲಿದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಂಗ್ಲಿಷ್‌ನಲ್ಲಿ, ಆಧಾರ್‌ನಲ್ಲಿ ಎರಡರಲ್ಲೂ. ಇವು ತಾಳೆಯಾಗದೆ ಪಿಎಂ-ಕಿಸಾನ್ ಕಂತು ನಿಂತ ರೈತರ ಕತೆ ಹೊಸದಲ್ಲ. ಆಧಾರ್-ಪ್ಯಾನ್ ಜೋಡಣೆಯಲ್ಲೂ ಇದೇ ತೊಡಕು. ಮಕ್ಕಳಿಗಾದರೆ ಇದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪ್ರಮಾಣಪತ್ರದ ಹೊತ್ತಿಗೆ ಎದುರಾಗುತ್ತದೆ. ಅಷ್ಟರಲ್ಲಿ ಹದಿನೈದು ವರ್ಷ ಕಳೆದಿರುತ್ತವೆ.

ಇನ್ನು ‘ಎಷ್ಟು ಸಲ ಬೇಕಾದರೂ ತಿದ್ದಿಸಬಹುದು’ ಎಂಬ ಮೆಸೇಜ್. ಅದು ಸುಳ್ಳು. ಆಧಾರ್‌ನಲ್ಲಿ ಹೆಸರಿನ ಬದಲಾವಣೆಗೆ ಜೀವಮಾನದಲ್ಲಿ 2 ಅವಕಾಶ, ಜನ್ಮದಿನಾಂಕಕ್ಕೆ 1. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರೆ ಎಲ್ಲ ದಾಖಲೆ ತಾನಾಗಿಯೇ ಬದಲಾಗುತ್ತದೆ ಎಂಬುದೂ ನಿಜವಲ್ಲ. ಪ್ರತಿ ಇಲಾಖೆಗೂ ಬೇರೆ ಅರ್ಜಿ ಕೊಡಬೇಕು.

2023ರ ತಿದ್ದುಪಡಿಯ ನಂತರ ವಿಷಯ ಇನ್ನೂ ಗಂಭೀರವಾಗಿದೆ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ ಬಂದ ಈ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲಾ ದಾಖಲಾತಿ, ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಮೊದಲು ಶಾಲೆ ಸೇರಿಸುವಾಗ ಮಾಸ್ತರರು ಹೆಸರನ್ನು ಒಂದಿಷ್ಟು ಸರಿಮಾಡಿ ಬರೆದುಕೊಳ್ಳುವ ಕಾಲವಿತ್ತು. ಆ ದಾರಿ ಈಗ ಮುಚ್ಚುತ್ತಿದೆ.

ಆದರೆ ಅವಸರ ಬೇಕಿಲ್ಲ, ಇದು ಹಲವರಿಗೆ ಗೊತ್ತಿಲ್ಲ. ಜನನವನ್ನು 21 ದಿನದೊಳಗೆ ತಿಳಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆ ಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಸ್ಪೆಲ್ಲಿಂಗ್ ಹೇಳುವ ಬದಲು ಮನೆಗೆ ಹೋಗಿ ಹಿರಿಯರ ಜೊತೆ ಕೂತು ಮಾತಾಡಲು ಸಾಕಷ್ಟು ಸಮಯ ಇದೆ.

ಕೂತಾಗ ಏನು ಮಾಡಬೇಕು? ಮೊದಲು ಕನ್ನಡದಲ್ಲಿ ಬರೆಯಿರಿ. ದೀರ್ಘ, ಒತ್ತು, ಣ, ಳ ಎಲ್ಲ ಸರಿಯಾಗಿ. ಆಮೇಲೆ ಇಂಗ್ಲಿಷ್. ನಮ್ಮ ಒಲವು ಕಡಿಮೆ ಅಕ್ಷರದ, ಮನೆಯಲ್ಲಿ ಈಗಾಗಲೇ ಬಳಕೆಯಲ್ಲಿರುವ ಸ್ಪೆಲ್ಲಿಂಗಿನ ಕಡೆಗೆ. ಅಪ್ಪನ ಆಧಾರ್‌ನಲ್ಲಿ ಪಾಟೀಲ ಹೇಗಿದೆಯೋ ಮಗಳದ್ದರಲ್ಲೂ ಹಾಗೆಯೇ ಇರಲಿ. ‘ಟಿ’ಯೋ ‘ಟಿ-ಎಚ್ಚೋ’ ಎಂಬ ವಾದ ಬೇಡ, ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಬರೆಸಿ. ಇನಿಷಿಯಲ್ ಬದಲು ತಂದೆಯ ಹೆಸರನ್ನು ಪೂರ್ತಿ ಬರೆಸಿದರೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಅಲೆದಾಟ ಕಡಿಮೆ.

ಆ ಎರಡು ಸಾಲನ್ನು ಚೀಟಿಯಲ್ಲಿ ಬರೆದು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ, ಬಾಯಲ್ಲಿ ಹೇಳಬೇಡಿ. ಆಧಾರ್ ಕೇಂದ್ರದಲ್ಲಿ ನಿಮ್ಮ ಕಡೆ ತಿರುಗಿಸಿದ ಒಂದು ಪರದೆ ಇರುತ್ತದೆ. ಅದರಲ್ಲಿ ಇಂಗ್ಲಿಷ್ ಸಾಲಿನ ಜೊತೆ ಕನ್ನಡ ಸಾಲನ್ನೂ ಅಕ್ಷರ ಅಕ್ಷರವಾಗಿ ಓದಿ. ‘ಣ’ ಹೋಗಿ ‘ನ’ ಆಗಿದ್ದರೆ ಆಪರೇಟರ್ ಅಲ್ಲೇ ಕೈಯಿಂದ ತಿದ್ದಬಹುದು. ಹಿಂದೆ ಸಾಲು ಎಷ್ಟೇ ಉದ್ದ ಇರಲಿ, ತಿದ್ದಿಸಿದ ಮೇಲೆಯೇ ಸ್ಲಿಪ್‌ಗೆ ಸಹಿ ಹಾಕಿ.