ಫ್ಯಾನಿಲ್ಲದ ಮದರ್‌ಬೋರ್ಡು

೨೦೧೯ರಲ್ಲಿ ಎಎಂಡಿ ಸಂಸ್ಥೆಯ ಎಕ್ಸ್-೫೭೦ ಚಿಪ್‌ಸೆಟ್ಟು ಬಂದಾಗ, ಅದರ ವೇಗಕ್ಕೆ ತಕ್ಕಂತೆ ಶಾಖವೂ ಹೆಚ್ಚಿತು. ಆದಕಾರಣ ಬಹುತೇಕ ಎಲ್ಲ ಮದರ್‌ಬೋರ್ಡುಗಳಲ್ಲಿಯೂ ಆ ಚಿಪ್‌ಸೆಟ್ಟಿನ ಮೇಲೊಂದು ಪುಟ್ಟ ಫ್ಯಾನನ್ನು ಕೂರಿಸಲಾಯಿತು. ಗಿಗಾಬೈಟ್ ಸಂಸ್ಥೆಯ ದುಬಾರಿ ಆರಸ್ ಎಕ್ಸ್‌ಟ್ರೀಮ್ ಮಾತ್ರ ಲೋಹದ ದೊಡ್ಡ ಹೊದಿಕೆಯಿಂದಲೇ ಶಾಖವನ್ನು ನಿವಾರಿಸಿತು. ತಿರುಗುವ ಭಾಗವೇ ಧೂಳು ಹಿಡಿದು, ಸದ್ದುಮಾಡಿ, ಮೊದಲು ಸವೆಯತಕ್ಕದ್ದು. ಅದನ್ನು ತೊರೆದುದು ಮೆಚ್ಚತಕ್ಕ ವಿಷಯವೇ ಸರಿ.

ಆದರೆ ಫ್ಯಾನಿಲ್ಲವೆಂದರೆ ಶಾಖವಿಲ್ಲವೆಂದಲ್ಲ. ಲೋಹವು ಅದನ್ನು ಸುತ್ತಲಿನ ಗಾಳಿಗೆ ಒಪ್ಪಿಸುತ್ತದೆ. ಆ ಗಾಳಿ ಪೆಟ್ಟಿಗೆಯಿಂದ ಹೊರಹೋಗದಿದ್ದರೆ ಲೋಹವೂ ನಿರುಪಾಯ. ಮುಂಬಯಿಯ ಇಕ್ಕಟ್ಟಾದ ಖೋಲಿಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿಟ್ಟರೆ ಹೆಚ್ಚು ತೆತ್ತ ಹಣ ವ್ಯರ್ಥವೇ.

ಇನ್ನು ಬೆಲೆಯ ಮಾತು. ೨೦೨೦ರಲ್ಲಿ ಬಂದ, ಅಗ್ಗದ ಬಿ-೫೫೦ ಬೋರ್ಡುಗಳಿಗೆ ಸಾಮಾನ್ಯವಾಗಿ ಈ ಪುಟ್ಟ ಫ್ಯಾನಿನ ಅಗತ್ಯವೇ ಬೀಳಲಿಲ್ಲ. ಲೆಕ್ಕ ಬರೆಯುವ ಗುಮಾಸ್ತನಾಗಲಿ, ಮಕ್ಕಳ ಓದಿಗಾಗಿ ಗಣಕಯಂತ್ರ ಕೊಳ್ಳುವ ಹೋಟೆಲು ನೌಕರನಾಗಲಿ, ನಿಶ್ಶಬ್ದಕ್ಕಾಗಿಯೇ ತಮ್ಮ ಉಳಿತಾಯವನ್ನೆಲ್ಲ ಸುರಿಯಬೇಕಾಗಿಲ್ಲ. ಪೆಟ್ಟಿಗೆಯ ಹಿಂದೆ ಗೇಣಗಲ ಜಾಗ ಬಿಡುವುದಕ್ಕಂತೂ ಕಾಸು ಖರ್ಚಿಲ್ಲ.