ಪಾತ್ರಾಭಿನಯಕ್ಕೆ ಮೊದಲು ಮಕ್ಕಳ ಒಪ್ಪಿಗೆ ಕೇಳೋಣ

ಬೋಧನಾಭ್ಯಾಸದಲ್ಲಿ ನನಗೆ ಒಳ್ಳೆಯ ಅಂಕ ತಂದುಕೊಟ್ಟ ಒಂದು ಪಾಠದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆ ಪಾಠವನ್ನು ನಾನು ಈಗ ತಪ್ಪಾದ ಪಾಠವೆಂದೇ ಎಣಿಸುತ್ತೇನೆ. ಹುಡುಗನ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪಾಠದ ವಿಷಯ ಮದ್ಯವ್ಯಸನ. ವಿಧಾನ ಪಾತ್ರಾಭಿನಯ. ಕುಡಿದು ಮನೆಗೆ ಬರುವ ತಂದೆ, ಅಳುವ ತಾಯಿ, ಪುಸ್ತಕ ಹಿಡಿದು ಮೂಲೆಯಲ್ಲಿ ಕೂತ ಮಗಳು, ಬುದ್ಧಿ ಹೇಳುವ ಪಕ್ಕದ ಮನೆಯವರು. ಪಾತ್ರಗಳನ್ನು ನಾನೇ ಹಂಚಿದೆ. ತಂದೆಯ ಪಾತ್ರಕ್ಕೆ ಹಿಂದಿನ ಬೆಂಚಿನ ಒಬ್ಬ ಎತ್ತರದ ಹುಡುಗನನ್ನು ಕರೆದೆ. ಅವನು ಎದ್ದು ನಿಂತು, "ಬ್ಯಾಡ್ರಿ ಟೀಚರ್, ಬ್ಯಾರೆಯವ್ರನ್ನ ಕರೀರಿ" ಎಂದ. ನಾಚಿಕೆಯಿರಬೇಕು ಎಂದುಕೊಂಡು ಮತ್ತೆ ಕರೆದೆ. ಅವನು ಮತ್ತೆ ಬೇಡವೆಂದ. ತರಗತಿ ನಗತೊಡಗಿತು, ನಾನೂ ನಕ್ಕು ಮುಂದೆ ಕರೆತಂದೆ. ಅವನು ತುಂಬ ಚೆನ್ನಾಗಿ ಅಭಿನಯಿಸಿದ. ತೂರಾಡಿದ, ಬಾಗಿಲು ಒದ್ದ, ತಟ್ಟೆ ಎಸೆದ. ಮಕ್ಕಳು ಚಪ್ಪಾಳೆ ತಟ್ಟಿದರು. ವೀಕ್ಷಣಾ ಪುಸ್ತಕದಲ್ಲಿ 'ವಿದ್ಯಾರ್ಥಿಗಳ ಭಾಗವಹಿಸುವಿಕೆ ಅತ್ಯುತ್ತಮ' ಎಂಬ ಷರಾ ಬಂತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆ ತರಗತಿಯ ಶಿಕ್ಷಕಿ ನನ್ನ ಪಕ್ಕ ಬಂದು ಕೂತು, ಮೆಲ್ಲಗೆ ಹೇಳಿದರು: "ಅವನ ಮನ್ಯಾಗ ದಿನಾ ನಡಿಯೂದು ಅದನ ನೋಡವಾ." ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆ ಹುಡುಗ ಎರಡು ಸಲ ಬೇಡವೆಂದಿದ್ದ. ಅಷ್ಟೂ ಮಕ್ಕಳ ಎದುರು ಕಾರಣ ಹೇಳಲು ಅವನಿಗೆ ಸಾಧ್ಯವಿರಲಿಲ್ಲ. ಕಾರಣ ಹೇಳದ 'ಬೇಡ'ವನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ಅಂಥ ಅಭ್ಯಾಸವಿರುವ ಒಂದು ಗುಂಪನ್ನು ನಾನು ನೋಡಿದ್ದು ರಜೆಯಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ. ಅವರ ಮಗ ಭಾನುವಾರ ಗೆಳೆಯರೊಡನೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾನೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದ ಆಟ ಅದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸಿ ಆ ಪಾತ್ರವಾಗಿ ಮಾತಾಡುತ್ತಾರೆ. ಕೈಗೂಡುತ್ತದೋ ಇಲ್ಲವೋ ಎಂಬ ಕೆಲಸವಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುತ್ತಾರೆ. ವೇಷವಿಲ್ಲ, ರಂಗವಿಲ್ಲ. ನಮ್ಮ ತರಗತಿಯ ಪಾತ್ರಾಭಿನಯಕ್ಕೆ ಬಹಳ ಹತ್ತಿರದ ಆಟ.

"ಬಾ ಅಕ್ಕಾ, ನೀನೂ ಕೂತ್ಕೋ" ಎಂದ. ಹೊಸ ಕಥೆ ಶುರುವಾಗುವ ದಿನ ಅದು. ದಾಳ ಮುಟ್ಟುವ ಮೊದಲು ಮುಕ್ಕಾಲು ಗಂಟೆ ಬರೀ ಮಾತಾಯಿತು. ಕಥೆ ಎಂಥದ್ದು, ಎಷ್ಟು ಭಯಾನಕ, ಯಾರಿಗೆ ಏನು ಬೇಡ ಎಂಬ ಮಾತು. ಇದಕ್ಕೆ ಅವರು 'ಸೆಷನ್ ಝೀರೋ' ಎನ್ನುತ್ತಾರಂತೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಬೇಡವಾದದ್ದನ್ನು ಹೆಸರಿಲ್ಲದೆ ಬರೆಯಲು ಹೇಳಿದ. ಒಂದು ಚೀಟಿಯಲ್ಲಿ 'ಮಕ್ಕಳು ಸಾಯುವುದು ಬೇಡ' ಎಂದಿತ್ತು. ಅವನು ಅದನ್ನು ಓದಿ, "ಸರಿ, ಈ ಕಥೇಲಿ ಅದು ಇರಲ್ಲ" ಎಂದು ಮುಂದಿನ ಚೀಟಿ ತೆಗೆದ. ಯಾರು ಬರೆದದ್ದೆಂದು ಯಾರೂ ಸುತ್ತ ನೋಡಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.

ಮೇಜಿನ ನಡುವೆ ಒಂದು ರಟ್ಟಿನ ತುಂಡಿತ್ತು. ಅದರ ಮೇಲೆ ಪೆನ್ನಿನಲ್ಲಿ ಗೀಚಿದ ಒಂದು ಗುಣಾಕಾರ ಚಿಹ್ನೆ. ಆಟದ ನಡುವೆ ಒಂದು ಕತ್ತಲೆ ಬಾವಿಯ ವರ್ಣನೆ ಬಂದಾಗ ಒಬ್ಬಾತ ಕೈ ಚಾಚಿ ಅದನ್ನು ಮುಟ್ಟಿದ. ನನ್ನ ತಮ್ಮ ತಕ್ಷಣ, "ಬಾವಿ ಇಲ್ಲ, ಅಲ್ಲೊಂದು ಹಳೇ ಮಂಟಪ ಇದೆ" ಎಂದು ಕಥೆ ತಿರುಗಿಸಿದ. ಹತ್ತು ಸೆಕೆಂಡೂ ಹಿಡಿಯಲಿಲ್ಲ. ನನಗೆ ಹಿಂದಿನ ಬೆಂಚಿನ ಹುಡುಗ ನೆನಪಾದ.

ಆಮೇಲೆ ಈ ಬಗ್ಗೆ ಓದಿದೆ. ಆ ರಟ್ಟಿನ ಹೆಸರು ಎಕ್ಸ್ ಕಾರ್ಡ್. ಸುಮಾರು 2013ರಲ್ಲಿ ಜಾನ್ ಸ್ಟಾವ್ರೊಪೌಲಸ್ ಎಂಬವರು ರೂಪಿಸಿದ್ದು. ಮುಟ್ಟಿದವರು ಕಾರಣ ಕೊಡಬೇಕಾಗಿಲ್ಲ ಎಂಬುದು ಅದರ ಜೀವಾಳ. ಅದಕ್ಕೂ ಮೊದಲು ರಾನ್ ಎಡ್ವರ್ಡ್ಸ್ ಎಂಬ ಆಟ ರಚನಕಾರರು ಎರಡು ವಿಂಗಡಣೆ ಸೂಚಿಸಿದ್ದರು: ಗೆರೆ ಮತ್ತು ಪರದೆ. ಗೆರೆಯ ಆಚೆಗಿನ ವಿಷಯ ಕಥೆಯಲ್ಲಿ ಬರುವುದೇ ಇಲ್ಲ. ಪರದೆಯ ವಿಷಯ ಕಥೆಯಲ್ಲಿ ಇರುತ್ತದೆ, ಆದರೆ ಎದುರಿಗೆ ಅಭಿನಯವಾಗುವುದಿಲ್ಲ, ನಡೆಯಿತೆಂದು ಹೇಳಿ ಮುಂದೆ ಹೋಗುತ್ತಾರೆ. 2019ರಲ್ಲಿ ಷಾನ್ ರೆನಾಲ್ಡ್ಸ್ ಮತ್ತು ಶಾನಾ ಜರ್ಮೇನ್ ಬರೆದು, ಮಾಂಟಿ ಕುಕ್ ಗೇಮ್ಸ್ ಉಚಿತವಾಗಿ ಹಂಚಿದ 'ಕನ್ಸೆಂಟ್ ಇನ್ ಗೇಮಿಂಗ್' ಎಂಬ ಪುಸ್ತಿಕೆಯಲ್ಲಿ ಒಂದು ಪಟ್ಟಿಯೇ ಇದೆ. ಪ್ರತಿ ವಿಷಯದ ಎದುರು ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಬೇಕು.

ಮೋಜಿಗಾಗಿ ಕೂಡುವ ವಯಸ್ಕರು ಇಷ್ಟು ಎಚ್ಚರ ವಹಿಸುತ್ತಾರೆ. ಅವರಿಗೆ ಬೇಡವೆನಿಸಿದರೆ ಎದ್ದು ಮನೆಗೆ ಹೋಗಬಹುದು. ನಮ್ಮ ತರಗತಿಯ ಮಗು ಎದ್ದು ಹೋಗುವಂತಿಲ್ಲ. ಅದರ ಎದುರು ನಿಂತವರ ಕೈಯಲ್ಲಿ ಹಾಜರಿ ಇದೆ, ಅಂಕ ಇದೆ, ಸುತ್ತ ನಗುವ ಐವತ್ತು ಜನ ಇದ್ದಾರೆ. ಹಾಗಾದರೆ ಒಪ್ಪಿಗೆ ಕೇಳುವ ಹೊಣೆ ಆಟದ ಮೇಜಿಗಿಂತ ನಮ್ಮ ತರಗತಿಯಲ್ಲೇ ಹೆಚ್ಚು. ಇದೇ ನನ್ನ ವಾದ.

ಪ್ರಶಿಕ್ಷಣಾರ್ಥಿಗಳಾದ ನಮಗೆ ಇದು ಇನ್ನಷ್ಟು ಅನ್ವಯಿಸುತ್ತದೆ. 2014ರ ಎನ್‌ಸಿಟಿಇ ನಿಯಮಗಳಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ನಾವು ಶಾಲೆಯಲ್ಲಿರುವುದು 20 ವಾರ. ಅದೂ ಒಂದೇ ತರಗತಿಯಲ್ಲಲ್ಲ. ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಹೊರಡುವ ದಿನ ಬರುತ್ತದೆ. ಅವರ ಮನೆಯ ಸ್ಥಿತಿ ನಮಗೆ ತಿಳಿದಿರುವುದಿಲ್ಲ. ಆದರೆ ಪಾತ್ರಾಭಿನಯಕ್ಕೆ ನಾವು ಆರಿಸುವ ವಿಷಯಗಳನ್ನು ನೋಡಿ: ವರದಕ್ಷಿಣೆ, ಬಾಲ್ಯವಿವಾಹ, ಅಸ್ಪೃಶ್ಯತೆ, ಮದ್ಯವ್ಯಸನ, ರೈತರ ಸಾಲ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ನಾವೆಲ್ಲ ಅದನ್ನು ಪಾಠಯೋಜನೆಯ ಮೊದಲ ಪುಟದಲ್ಲಿ ಬರೆಯುತ್ತೇವೆ. ಹಾಗೆ ಜೋಡಿಸುವಾಗ ಯಾರ ಬದುಕು ತರಗತಿಯ ಮುಂದೆ ಬಂದು ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದಿಲ್ಲ. ಅಸ್ಪೃಶ್ಯತೆಯ ಪಾಠದಲ್ಲಿ ನೀರು ಸಿಗದೆ ನಿಲ್ಲುವ ಪಾತ್ರಕ್ಕೆ ಯಾರನ್ನು ಕರೆಯುತ್ತೇವೆ? ಮನೆಗೆಲಸದವಳ ಪಾತ್ರಕ್ಕೆ ಯಾವ ಹುಡುಗಿಯತ್ತ ಬೆರಳು ತೋರಿಸುತ್ತೇವೆ? ಒಮ್ಮೆ ನೆನಪಿಸಿಕೊಂಡರೆ ಸಾಕು.

ಸಹಪಾಠಿಗಳೊಡನೆ ಈ ಮಾತು ತೆಗೆದಾಗ ಎರಡು ಆಕ್ಷೇಪಗಳು ಬಂದವು. ಒಂದು, ಹೀಗೆ ಮಾಡಿದರೆ ಕಷ್ಟದ ವಿಷಯಗಳನ್ನು ಕಲಿಸಲು ಆಗುವುದೇ ಇಲ್ಲ ಎಂಬುದು. ಇದಕ್ಕೆ ಉತ್ತರ ಪರದೆಯಲ್ಲಿದೆ. ಮದ್ಯವ್ಯಸನವನ್ನು ಕಲಿಸಲೇಬೇಕು. ಆದರೆ ಕುಡಿದು ತೂರಾಡುವುದನ್ನು ಅಭಿನಯಿಸಲೇಬೇಕೆಂದೇನೂ ಇಲ್ಲ. ಮರುದಿನ ಬೆಳಗ್ಗೆ ಆ ಮನೆಗೆ ಬಂದ ಆಶಾ ಕಾರ್ಯಕರ್ತೆ, ಅಂಗಡಿಯವ, ಶಿಕ್ಷಕ ಏನು ಮಾಡಬಹುದೆಂದು ಅಭಿನಯಿಸಬಹುದು. ಕಲಿಕಾಂಶಕ್ಕೂ ಇದೇ ಹೆಚ್ಚು ಹತ್ತಿರ. ನನ್ನ ಪಾಠದಲ್ಲಿ ಮಕ್ಕಳು ನಗುವುದನ್ನಲ್ಲದೆ ಬೇರೇನು ಕಲಿತರೋ ನನಗೆ ತಿಳಿಯದು.

ಎರಡನೆಯದು, ಮಕ್ಕಳು ಇದನ್ನು ತಪ್ಪಿಸಿಕೊಳ್ಳುವ ನೆಪ ಮಾಡಿಕೊಳ್ಳುತ್ತಾರೆ ಎಂಬುದು. ಕೆಲವರು ಮಾಡಿಕೊಳ್ಳಬಹುದು. ಅಂಥವರಿಗೆ ವೀಕ್ಷಕರ ಕೆಲಸ, ಸಂಭಾಷಣೆ ಬರೆಯುವ ಕೆಲಸ ಕೊಡಬಹುದು. ಸೋಮಾರಿ ಮಗುವೊಂದು ಒಂದು ಅವಧಿ ತಪ್ಪಿಸಿಕೊಂಡರೆ ಆಗುವ ನಷ್ಟ ಚಿಕ್ಕದು. ನೊಂದ ಮಗುವನ್ನು ಎಲ್ಲರೆದುರು ಎಳೆದು ತಂದರೆ ಆಗುವ ನಷ್ಟವನ್ನು ನಾವು ತುಂಬಿಕೊಡಲಾರೆವು.

ಆದರೆ ಆಟದ ಮೇಜಿನ ಕ್ರಮವನ್ನು ಹಾಗೆಯೇ ತಂದರೂ ಆಗದು. ಐವತ್ತು ಮಕ್ಕಳ ನಡುವೆ ಎದ್ದು ಬಂದು ಕಾರ್ಡು ಮುಟ್ಟುವ ಧೈರ್ಯ ಯಾವ ಮಗುವಿಗಿದೆ? ಮುಟ್ಟಿದ ಕ್ಷಣವೇ ಆ ಮಗುವಿನ ಗುಟ್ಟು ಬಯಲಾದಂತೆ. ಅದಕ್ಕೇ ನಮ್ಮ ತರಗತಿಗೆ ಹೊಂದುವ ನಾಲ್ಕು ಕ್ರಮಗಳನ್ನು ಸೂಚಿಸುತ್ತೇನೆ. ಹಿಂದಿನ ದಿನವೇ ವಿಷಯ ತಿಳಿಸಿ, ಬೇಡವಾದದ್ದನ್ನು ಬರೆಯಲು ಎಲ್ಲ ಮಕ್ಕಳಿಗೂ ಚೀಟಿ ಕೊಡುವುದು. ಖಾಲಿ ಚೀಟಿಯನ್ನೂ ಮಡಚಿ ಹಾಕಬೇಕು, ಆಗ ಬರೆದವರು ಯಾರೆಂದು ತಿಳಿಯುವುದಿಲ್ಲ. ಪಾತ್ರಗಳನ್ನು ನಾವು ಹಂಚದೆ, ಇಷ್ಟವಿದ್ದವರು ಆರಿಸಿಕೊಳ್ಳಲು ಬಿಡುವುದು. ತರಗತಿ ಶಿಕ್ಷಕರನ್ನು ಮೊದಲೇ ಕಂಡು, "ಈ ವಿಷಯಕ್ಕೆ ಯಾರ ಬಗ್ಗೆ ಎಚ್ಚರ ಬೇಕು?" ಎಂದಷ್ಟೇ ಕೇಳುವುದು. ಕಾರಣ ಕೆದಕಬಾರದು. ನಾಲ್ಕನೆಯದಾಗಿ, ಯಾವ ಮಗು ಬೇಡವೆಂದರೂ ಒಂದೇ ಸಲಕ್ಕೆ ಒಪ್ಪುವುದು.

ಅದೇ ಪಾಠವನ್ನು ಇನ್ನೊಂದು ವಿಭಾಗದಲ್ಲಿ ಹೀಗೆ ಮಾಡಿ ನೋಡಿದೆ. ಹೆಚ್ಚಿನ ಚೀಟಿಗಳು ಖಾಲಿ ಇದ್ದವು. ಒಂದರಲ್ಲಿ 'ಸಾಲ ಕೇಳಾಕ ಬರೂದು ಬ್ಯಾಡ' ಎಂದಿತ್ತು. ನಾನು ಬರೆದಿದ್ದ ಸಂಭಾಷಣೆಯಲ್ಲಿ ಸಾಲ ಕೇಳಲು ಬರುವವನಿದ್ದ. ಅವನನ್ನು ತೆಗೆದೆ. ಪಾಠಕ್ಕೆ ಏನೂ ಕಡಿಮೆಯಾಗಲಿಲ್ಲ. ಈ ಸಲ ಚಪ್ಪಾಳೆ ಬರಲಿಲ್ಲ, ಅಂಕವೂ ತುಸು ಕಡಿಮೆ ಬಂತು.

ಅದಕ್ಕೇ ನಮ್ಮ ಕಾಲೇಜಿಗೆ ಒಂದು ಕೋರಿಕೆ. ವೀಕ್ಷಣಾ ನಮೂನೆಯಲ್ಲಿ 'ವಿದ್ಯಾರ್ಥಿಗಳ ಭಾಗವಹಿಸುವಿಕೆ' ಎಂಬ ಅಂಶದ ಕೆಳಗೆ 'ಭಾಗವಹಿಸಲು ಒಪ್ಪಿಗೆ ಕೇಳಲಾಯಿತೇ?' ಎಂಬ ಒಂದು ಸಾಲು ಸೇರಿಸಬೇಕು. ಅಂಕವಿದ್ದ ಕಡೆ ನಾವು ಪ್ರಶಿಕ್ಷಣಾರ್ಥಿಗಳು ಗಮನ ಕೊಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಶಾಲೆ ಬಿಡುವ ಕೊನೆಯ ದಿನ ಆ ಹುಡುಗನನ್ನು ವರಾಂಡದಲ್ಲಿ ಒಬ್ಬನೇ ಸಿಕ್ಕಾಗ ನಿಲ್ಲಿಸಿ, "ಅವತ್ತು ನೀ ಬ್ಯಾಡ ಅಂದಾಗ ನಾ ಕೇಳಬೇಕಿತ್ತು, ತಪ್ಪಾತು" ಎಂದೆ. ಅವನು ನೆಲ ನೋಡುತ್ತ, "ಇರ್ಲಿ ಬಿಡ್ರಿ ಟೀಚರ್" ಎಂದು ಮೈದಾನದ ಕಡೆ ಓಡಿದ.